ಭರ್ಜಿಯ ಮೇಲಿನ ಎರಡನೆಯ ಮುದ್ರೆ

“ಅಲಗಿನ ಮೇಲೆ ಒತ್ತಿರುವ ಚೇಳು ಇಟಲಿಯ ಕಮ್ಮಾರರ ಮುದ್ರೆ. ಅದರ ಪಕ್ಕದ ಸುರುಳಿ ಮುದ್ರೆಯನ್ನು ಮಾತ್ರ ನಾನು ಎಲ್ಲೂ ಕಂಡಿಲ್ಲ. ಹತ್ತಿರದಿಂದ ತೆಗೆದ ಇನ್ನೊಂದು ಫೋಟೊ ಕಳಿಸಿ.”

ಯುರೋಪಿನ ತಜ್ಞರೊಬ್ಬರ ಈ ಇಮೇಲ್ ಓದುತ್ತಲೇ ನನ್ನ ಅಂಗೈ ಬೆವರತೊಡಗಿತು. ಪಕ್ಕದಲ್ಲೇ ಸಾತೋ-ಸಾನ್ ಕಾದು ನಿಂತಿದ್ದರು. ಎರಡು ಸಾವಿರದ ಇಸವಿಗೆ ಮುಂಚೆ ಕಂಪ್ಯೂಟರುಗಳ ತಾರೀಖು ಸರಿಪಡಿಸುವ ವೈಟುಕೆ ಕೆಲಸಕ್ಕೆಂದು ಜಪಾನಿಗೆ ಹೋಗಿದ್ದ ನನಗೆ ಗ್ಯೋಟೋಕುವಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಅವರು. ತಮ್ಮಲ್ಲಿದ್ದ ಹಳೆಯ ಯುರೋಪಿನ ಭರ್ಜಿಯನ್ನು ಮಾಡಿದವರು ಯಾರೆಂದು ತಿಳಿಯುವ ಹಂಬಲ ಅವರಿಗೆ. ಫೋಟೊ ಸ್ಕ್ಯಾನ್ ಮಾಡಿ, ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದು ನಾನು.

ಆ ಸುರುಳಿ ಏನೆಂದು ನನಗೆ ತಕ್ಷಣ ಹೊಳೆಯಿತು. ಫೋಟೊ ತೆಗೆಯುವ ಎರಡು ವಾರ ಮುಂಚೆ, ಆಯುಧಪೂಜೆಯ ದಿನ, ಅವರು ಚಹಾ ತರಲು ಒಳಗೆ ಹೋದಾಗ ನಾನು ಅಲಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ. ಬೆರಳಿನ ಬೆವರು ತಾಗಿದಲ್ಲಿ, ಬೆರಳ ತುದಿಯ ಗೆರೆಗಳ ಆಕಾರದಲ್ಲೇ ತುಕ್ಕು ಹಿಡಿದಿತ್ತು.

ಸುರುಳಿಯ ಮಾತನ್ನು ಹಾರಿಸಿ ಉಳಿದದ್ದನ್ನಷ್ಟೇ ಹೇಳಿಬಿಡೋಣ ಎನಿಸಿತು. ಕೊನೆಗೆ ಎದ್ದು ನಿಂತು, “ಸುಮಿಮಾಸೆನ್, ಕ್ಷಮಿಸಿ, ಅದು ನನ್ನ ಬೆರಳಿನ ಗುರುತು” ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. “ಹಾಗಾದ್ರೆ ಇನ್ನೊಂದು ಫೋಟೊ ಬೇಡ ಬಿಡಿ” ಎಂದರು, ಮೆಲ್ಲಗೆ. ಮುಂದಿನ ಭಾನುವಾರ ಅವರ ಮನೆಗೆ ಹೋದಾಗ ನನ್ನ ಚಹಾ ಬಟ್ಟಲಿನ ಪಕ್ಕದಲ್ಲಿ ಒಂದು ಜೊತೆ ಬಿಳಿ ಕೈಗವಸು ಇತ್ತು. ಆ ಬಗ್ಗೆ ಅವರು ಮಾತೆತ್ತಲಿಲ್ಲ.

ಬೆಂಗಳೂರಿಗೆ ಮರಳಿ ಎಷ್ಟೋ ವರ್ಷಗಳಾದವು. ಈಗಲೂ ಆಯುಧಪೂಜೆಯಂದು ಮಚ್ಚು, ಸ್ಪ್ಯಾನರುಗಳನ್ನು ಮುಟ್ಟಿ ನಮಸ್ಕರಿಸಿದ ಮೇಲೆ, ಯಾರಿಗೂ ಕಾಣದಂತೆ ಬಟ್ಟೆಯಿಂದ ಒರೆಸಿಡುತ್ತೇನೆ. ಸಾತೋ-ಸಾನ್ ಅವತ್ತೇ ಬೈದುಬಿಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು.