ಖಾಲಿ ಚೌಕದ ವೈರಿ

ಅಮೆರಿಕದ ನಮ್ಮ ಯಾಕಿಮಾ ಕಣಿವೆಯಲ್ಲಿ ಅರ್ಜಿ ಹಿಡಿದು ವಲಸೆ ಇಲಾಖೆಯ ಮೇಲೆ ದಂಡೆತ್ತಿ ಹೋಗುವವರು ಮೊದಲು ಚರ್ಚಿನ ನೆಲಮಾಳಿಗೆಗೆ ಇಳಿದು ನಾವೆಲ್ಲ ಗೌರವದಿಂದ ದೊನ್ಯಾ ಎನ್ನುವ ಹೆರ್ಮೆಲಿಂಡಾಳ ಎದುರು ಕೂರಬೇಕು. ಆಕೆ ಲಾಯರಲ್ಲ, ಇಪ್ಪತ್ತು ವರ್ಷ ಸೇಬು ಪ್ಯಾಕ್ ಮಾಡಿ, ಆಮೇಲೆ ಓದಿ, ಲಾಯರಿಗೆ ಮೂರು ತಿಂಗಳ ಕೂಲಿ ಸುರಿಯಲಾಗದವರ ಅರ್ಜಿ ನಡೆಸಲು ಸರ್ಕಾರದಿಂದಲೇ ಅನುಮತಿ ಪಡೆದವಳು. ಒಂದು ಕಪ್ಪು ಪೆನ್ನು, ಮೂಗಿನ ತುದಿಯಲ್ಲೊಂದು ಕನ್ನಡಕ, ಇಷ್ಟೇ ಅವಳ ಚತುರಂಗ ಸೈನ್ಯ. ಗಡಿಯಾಚೆಯಿಂದ ಕೂಲಿಗೆ ಬಂದ ನಮ್ಮವರಿಗೋ ವಿಪರೀತ ವಿನಯ. ಭಯೋತ್ಪಾದಕರ ಸಂಘದಲ್ಲಿದ್ದೆಯಾ ಎಂದು ಅರ್ಜಿ ಕೇಳಿದರೂ, ಕೇಳಿದವರಿಗೆ ಬೇಜಾರಾಗದಿರಲೆಂದು ಹೂಂಗುಟ್ಟುತ್ತಾರೆ. "ನಿನ್ನ ವಿನಯ ಅತ್ತೆ ಮನೇಲಿಟ್ಕೊ ಮಾರಾಯ, ಇಲ್ಲಿ ನಿಜ ಹೇಳು," ಎನ್ನುತ್ತಾಳೆ. ಅರ್ಜಿಯಲ್ಲಿ ಉತ್ತರ ಬರೆಯದೆ ಬಿಟ್ಟ ಖಾಲಿ ಚೌಕ ಕಂಡರಂತೂ ಹಾವು ಕಂಡಂತೆ ಎದ್ದು ನಿಲ್ಲುತ್ತಾಳೆ: "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರಿ. ಖಾಲಿ ಮಾತ್ರ ಬಿಡ್ಬೇಡ." ಲಾಯರಲ್ಲದವರ ಅನುಮತಿ ರದ್ದಾಗುತ್ತದಂತೆ ಎಂಬ ಸುದ್ದಿ ಬಂದ ದಿನ ನಾವು ಅಳುಮುಖ ಹೊತ್ತು ಹೋದರೆ, ಆಕೆ ಸೇಬಿನ ಶೆಡ್ಡಿನ ನಾಲ್ವರು ಹೆಂಗಸರನ್ನು ಕೂರಿಸಿಕೊಂಡು ಅರ್ಜಿ ನಡೆಸುವ ಪಾಠ ಶುರು ಮಾಡಿದ್ದಳು. "ರದ್ದು ಮಾಡೋರು ಬರೋಷ್ಟರಲ್ಲಿ ನಾವು ಐದು ಜನ ಆಗಿರ್ತೀವಿ. ಎಷ್ಟು ಜನರನ್ನ ಎಬ್ಬಿಸ್ತಾರೋ ನೋಡೋಣ." ಮೊದಲ ಪಾಠವೆಂದರೆ ಒಂದು ಹಳೆಯ ಅರ್ಜಿಯ ನಕಲಿನಲ್ಲಿ ತಪ್ಪು ಹುಡುಕುವುದು. ಯಾರೋ ನಕಲಿ ವಕೀಲ ತುಂಬಿದ್ದು; ಮೂರನೇ ಪುಟದಲ್ಲಿ ಒಂದೇ ಒಂದು ಚೌಕ ಖಾಲಿ, ಅದಕ್ಕೇ ತಿರಸ್ಕೃತ. ಅರ್ಜಿದಾರ ನಿಕನೋರ್, ಹನ್ನೆರಡು ವರ್ಷದಿಂದ ಗಡಿಯಾಚೆ ಉಳಿದಿರುವ ಹೆರ್ಮೆಲಿಂಡಾಳದೇ ಗಂಡ. ಆ ಚೌಕ ಕಂಡುಹಿಡಿದವಳ ಕೈಗೆ ತನ್ನ ಪೆನ್ನು ಕೊಟ್ಟು, "ಈಗ ತುಂಬು," ಎನ್ನುತ್ತಾಳೆ.