ಒಲೆಯ ಬೂದಿ ತಂದವಳು

ಕಳೆದ ವಾರ ತೂಬಗೆರೆಗೆ, ನಾದಿನಿಯ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅವಳು ಪಾತ್ರೆ ತಿಕ್ಕಲೆಂದು ಸೌದೆ ಒಲೆಯ ಬೂದಿ ಬಾಚಿ ಜರಡಿ ಹಿಡಿಯುತ್ತಿದ್ದಳು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ನಾದಿನಿಯ ಮೇಲಲ್ಲ, ಎಷ್ಟೋ ವರ್ಷಗಳ ಹಿಂದೆ ನಮ್ಮ ಮನೆಗೆ ಬರುತ್ತಿದ್ದ ಒಬ್ಬಳ ಮೇಲೆ. ಈಗಲೂ ಹೀಗೆ ಹೊತ್ತಿಕೊಳ್ಳುತ್ತದೆ, ಏನು ಮಾಡಲಿ...

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಮಗ್ಗಗಳ ಮನೆ. ಹಳೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದು ಹೊಸದು ಮಗ್ಗಕ್ಕೇರಿದಾಗ, ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಸೇರಿಸಿ ಕೈಯಲ್ಲೇ ಹೊಸೆಯಬೇಕು. ಸಾವಿರಾರು ಎಳೆಗಳು. ಇದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತೇವೆ. ರೇಷ್ಮೆ ಬೆರಳಿಗೆ ಜಾರಬಾರದೆಂದು ಬೂದಿ ಮುಟ್ಟಿಕೊಂಡು ಹೊಸೆಯುವುದು ರೂಢಿ. ನಮ್ಮ ಮನೆಯಲ್ಲಿ ಅದಕ್ಕೆ ದೇವರ ಮುಂದಿಟ್ಟ ವಿಭೂತಿಯೇ ಆಗಬೇಕು. ಅತ್ತೆಯ ಕಾಲದಿಂದ ನಡೆದುಕೊಂಡು ಬಂದದ್ದು.

ಅವಳು ನಮ್ಮ ಬೀದಿಗೆಲ್ಲ ಅಚ್ಚು ಕೆಚ್ಚುತ್ತಿದ್ದವಳು. ನಮ್ಮ ಜನವೇ. ಬೆಳಗ್ಗೆ ಮಗ್ಗದ ಹಿಂದೆ ಕೂತರೆ ಸಂಜೆಯವರೆಗೆ ತಲೆ ಎತ್ತುತ್ತಿರಲಿಲ್ಲ. ಅವಳು ಹೊಸೆದ ಎಳೆ ಬಿಚ್ಚಿಕೊಂಡದ್ದನ್ನು ನಾನು ಕಾಣೆ. ಇದನ್ನು ಒಪ್ಪಿಕೊಳ್ಳುವುದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ದಿನ ಬಂದವಳು ಮಡಿಲಿನಿಂದ ಸಣ್ಣ ತಗಡಿನ ಡಬ್ಬಿ ತೆಗೆದಳು. ಒಳಗೆ ಒಲೆಯ ಬೂದಿ.

"ಇದ್ರಲ್ಲೇ ಕೆಚ್ತೀನಿ ಅಕ್ಕ. ವಿಭೂತಿ ಬ್ಯಾಡ. ನಾನೀಗ ಯೇಸುವಿನೋಳು. ಇನ್ಮೇಲೆ ಆತ ಹೇಳ್ದಂಗೆ ನನ್ ಬಾಳು."

"ಇಷ್ಟು ದಿನ ನಮ್ ದೇವ್ರು ನಿಂಗೆ ಅನ್ನ ಹಾಕ್ಲಿಲ್ವೇನೇ?" ಎಂದು ಕೇಳಿದೆ.

ಅವಳು ಜಗಳಕ್ಕೆ ಬರಲಿಲ್ಲ. "ಮೊದಲ್ನೇ ಎಳೆ ನೀವೇ ವಿಭೂತಿ ಮುಟ್ಟಿ ಕೆಚ್ಚಿ ಅಕ್ಕ, ಮಿಕ್ಕಿದ್ದು ನಾನು ಮಾಡ್ತೀನಿ" ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ, ಬೇಡ ಎನ್ನಲು ನನಗೆ ದಾರಿಯೇ ಉಳಿಯಲಿಲ್ಲ. ಹಾಗೇ ಎರಡು ಮೂರು ಹಾಸು ನಡೆದವು. ನನ್ನ ಮನೆಯಲ್ಲಿ, ನನ್ನ ಮಗ್ಗದ ಹಿಂದೆ ಕೂತು, ನನ್ನ ದೇವರನ್ನು ಒಂದೇ ಎಳೆಗೆ ಇಳಿಸಿಬಿಟ್ಟಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಸೊಕ್ಕು ಎಂದರೆ ಇದೇ ಎಂದುಕೊಂಡೆ.

ಮುಂದಿನ ಹಾಸು ಕೆಚ್ಚಲು ಬಂದಾಗ ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ನಾನು ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಅವಳ ಡಬ್ಬಿಗೆ ಬೆರೆಸಿಬಿಟ್ಟೆ. ಅವಳಿಗೆ ಗೊತ್ತಾಗಲಿಲ್ಲ. ದಿನವಿಡೀ ಕೆಚ್ಚಿದಳು. ಇನ್ನೇನು ಗೇಣಗಲ ಉಳಿದಿದೆ ಎನ್ನುವಾಗ ಪಕ್ಕದ ಮನೆಯವರನ್ನೆಲ್ಲ ಕರೆದು ಅವರೆದುರಿಗೇ ಹೇಳಿದೆ. "ಬೆಳಗ್ಗಿಂದ ನಮ್ ವಿಭೂತೀಲೇ ಕೆಚ್ಚಿದ್ದೀಯ. ಎಲ್ಲೋದ ನಿಮ್ಮಾತ? ಬಂದು ಕೈ ಹಿಡ್ಕೊಂಡ್ನಾ?"

ಎಲ್ಲರೂ ನಕ್ಕರು. ನಾನು ಜೋರಾಗಿಯೇ ನಕ್ಕೆ. ಅವಳು ಅಳಲಿ, ಇಲ್ಲವೇ ನನ್ನನ್ನು ಬಾಯಿಗೆ ಬಂದಂತೆ ಬೈಯಲಿ, ಅದು ನನಗೆ ಬೇಕಿತ್ತು. ಅವಳು ತನ್ನ ಬೆರಳುಗಳನ್ನು ಸುಮ್ಮನೆ ನೋಡಿಕೊಂಡಳು.

"ಬೆರೆಸ್ದೋರು ನೀವು ಅಕ್ಕ. ನನ್ ಮನಸ್ನಾಗೆ ಏನಿತ್ತು ಅಂತ ಆತನಿಗೆ ಗೊತ್ತು."

ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದಳು, ಸೆರಗಿನಲ್ಲಿ ಒರೆಸಿಕೊಂಡಳು, ಮತ್ತೆ ಬಂದು ಕೂತಳು. ಉಳಿದ ಗೇಣಗಲವನ್ನು ಯಾವ ಬೂದಿಯೂ ಇಲ್ಲದೆ ಬರಿಬೆರಳಲ್ಲೇ ಕೆಚ್ಚಿದಳು. ಎಳೆ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು... ನಗಲು ಬಂದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಮುಗಿಸಿದ ಮೇಲೆ, "ಎಳೆ ಬಿಗಿಯಾಗೈತೆ, ನೋಡ್ಕಳಿ. ನಾನಿನ್ನು ಈ ಮನೇಗೆ ಬರಲ್ಲ" ಎಂದು ಹೊರಟಳು.

ನನ್ನ ಮನೆಗೆ ಮಾತ್ರ ಬರುವುದಿಲ್ಲ ಎಂದಿದ್ದಳು. ಬೇರೆ ಮನೆಗಳ ಬಾಗಿಲು ಮುಚ್ಚಿಸಿದವಳು ನಾನು. ಮನೆಮನೆಗೂ ಹೋಗಿ ಅವಳನ್ನು ಕರೆಯಬೇಡಿ ಎಂದೆ. ತಿಂಗಳೊಳಗೆ ಅವಳಿಗೆ ಬೀದಿಯಲ್ಲಿ ಕೆಲಸವಿಲ್ಲದಂತಾಯಿತು. ಆಮೇಲೆ ಬಾಶೆಟ್ಟಿಹಳ್ಳಿಯ ಯಾವುದೋ ಫ್ಯಾಕ್ಟರಿಗೆ ಸೇರಿದಳು. ಅಲ್ಲೂ ಭಾನುವಾರದ ಶಿಫ್ಟಿಗೆ ಬರುವುದಿಲ್ಲ ಎಂದಳಂತೆ, ಕೆಲಸ ಬಿಡಿಸಿದರಂತೆ. ಮೊಂಡುತನಕ್ಕೂ ಒಂದು ಮಿತಿ ಬೇಡವೇ? ಹೊಟ್ಟೆಪಾಡಿಗಿಂತ ದೊಡ್ಡ ಮಾತು ಅದ್ಯಾರು ಹೇಳಿದ್ದರೋ ಅವಳಿಗೆ...

ಒಮ್ಮೆ ಸಂತೆಯಲ್ಲಿ ಸಿಕ್ಕಿದಳು. ಸೊರಗಿದ್ದಳು. ನಾನು ಮುಖ ತಿರುಗಿಸಿದೆ, ಅವಳೇ ಹತ್ತಿರ ಬಂದಳು.

"ಚೆನ್ನಾಗಿದ್ದೀರಾ ಅಕ್ಕ? ನಿಮ್ಗೋಸ್ಕರ ಪ್ರಾರ್ಥನೆ ಮಾಡ್ತಿರ್ತೀನಿ."

"ನಿನ್ ಪ್ರಾರ್ಥನೆ ನೀನೇ ಇಟ್ಕೊ. ನಾನೇನು ಕೇಳಿದ್ನಾ?"

ನಮ್ಮಿಬ್ಬರ ನಡುವೆ ಅದೇ ಕಡೆಯ ಮಾತು. ಆಮೇಲೆ ಹೊಸಕೋಟೆ ಕಡೆಗೆ ಹೋದಳೆಂದೂ, ಕಾಯಿಲೆ ಬಿದ್ದು ತೀರಿಕೊಂಡಳೆಂದೂ ಯಾರೋ ಹೇಳಿದರು. ಸತ್ತವಳ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗದು ಸಾಧ್ಯವಾಗಿಲ್ಲ. ಅವಳು ಒಂದೇ ಒಂದು ಸಲ ನನ್ನನ್ನು ಬೈದಿದ್ದರೆ ಆಗುತ್ತಿತ್ತೇನೋ.

ತೂಬಗೆರೆಯಿಂದ ಬಂದ ಮಾರನೇ ದಿನ, ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ನಮ್ಮ ಜಗಲಿಯಲ್ಲಿ ಕೂತು ಕೇಳಿದಳು. "ಆಂಟಿ, ಇಲ್ಲಿ ಅಚ್ಚು ಕೆಚ್ಚೋಳು ಒಬ್ಳಿದ್ಲಂತೆ? ಒಂದು ಮೂಟೆ ಅಕ್ಕಿ ಆಸೆಗೆ ದೇವರನ್ನೇ ಬಿಟ್ಲಂತೆ, ಹೌದಾ?"

ಅಕ್ಕಿ ಮೂಟೆಯನ್ನು ಯಾರೂ ಕೊಟ್ಟಿರಲಿಲ್ಲ. ಮನೆಮನೆಗೆ ಹೋದಾಗ ಅದನ್ನು ಹುಟ್ಟಿಸಿ ಹೇಳಿದವಳು ನಾನೇ. ಇಲ್ಲಮ್ಮ, ಅದು ಸುಳ್ಳು ಎಂದೆ. ಹಾಗಾದರೆ ಮತ್ಯಾಕೆ ದೇವರನ್ನು ಬಿಟ್ಟಳು ಎಂದು ಹುಡುಗಿ ಕೇಳಿದಳು. ಅಷ್ಟು ವರ್ಷ ನನ್ನ ಮನೆಯಲ್ಲಿ ದಿನಗಟ್ಟಲೆ ಕೂತಿದ್ದವಳನ್ನು ಆ ಒಂದು ಮಾತು ನಾನು ಕೇಳಿಯೇ ಇರಲಿಲ್ಲ.