ಪೆಡಲ್ ಗಾಡಿಯ ಸಾಕ್ಷಿ

ಸತ್ತವರು ಬಂದು ಮಾತಾಡುವುದು, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಕಟ್ಟುಕತೆ ಎಂದು ನಂಬಿದ್ದವನು ನಾನು. ನಂಬಿ ಸುಮ್ಮನಿರುತ್ತಿದ್ದೆನೇ? ಇಲ್ಲ, ಅಂಥದ್ದನ್ನು ಹೇಳುವವರನ್ನು ನಾಲ್ಕು ಜನರ ಮುಂದೆ ಗೇಲಿ ಮಾಡುತ್ತಿದ್ದೆ. ತೀರಿಕೊಂಡ ಮಾವ ಬಾಗಿಲ ಬಳಿ ಕೆಮ್ಮಿದ್ದು ಕೇಳಿಸಿತು ಎಂದು ನನ್ನ ಸೋದರತ್ತೆ ಒಮ್ಮೆ ಹೇಳಿದಾಗ, "ಹಾಗಾದ್ರೆ ಮಾವಂಗೆ ಅಲ್ಲೂ ಬೀಡಿ ಸಿಗುತ್ತೆ ಅನ್ನಿ" ಎಂದಿದ್ದೆ. ಎಲ್ಲರೂ ನಕ್ಕರು, ಅತ್ತೆ ನಗಲಿಲ್ಲ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೆ ಅದು ನನಗೆ ಸಲ್ಲಬೇಕಾದದ್ದೇ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ದಿನವಿಡೀ ಗೇಜು ಹಿಡಿದು ಅಳೆಯುವುದು, ಅಳತೆಗೆ ಬಂದದ್ದನ್ನು ಒಳಗಿಡುವುದು, ಬಾರದ್ದನ್ನು ಎಸೆಯುವುದು. ಜೊತೆಗೆ ಹಳೆಯ ಮೋಟಾರ್ ಸೈಕಲ್‌ಗಳ ಹುಚ್ಚು ಬೇರೆ. ಬ್ರಿಟಿಷರ ಕಾಲದ ಗಾಡಿ ಇಟ್ಟುಕೊಂಡವರು, ಅದು ಅಸಲಿಯೋ ಅಥವಾ ಗುಜರಿ ಸಾಮಾನು ಸೇರಿಸಿ ಕಟ್ಟಿದ್ದೋ ನೋಡಲು ನನ್ನನ್ನು ಕರೆಯುತ್ತಿದ್ದರು. ಒಂದೊಂದು ಕಾಲದ ಬೋಲ್ಟಿಗೆ ಒಂದೊಂದು ಬಗೆಯ ಥ್ರೆಡ್, ಅಂದರೆ ತಿರುಪಿನ ಸುತ್ತು, ಇರುತ್ತದೆ. ಮಾಲೀಕ ಸುಳ್ಳು ಹೇಳಬಹುದು, ಥ್ರೆಡ್ ಹೇಳುವುದಿಲ್ಲ. ಗೇಜಿಗೆ ಸಿಕ್ಕಿದ್ದಷ್ಟೇ ಸತ್ಯ ಎಂದು ನಾನು ಬಹಳ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಭಾನುವಾರ ವಿಜಯನಗರದಿಂದ ಕರೆ ಬಂತು. ದಾವಣಗೆರೆ ಕಡೆಯಿಂದ ಬಂದು ನೆಲೆಸಿದ್ದ ಲಿಂಗಾಯತರ ಮನೆ. ಅಣ್ಣ ಶಿವಲಿಂಗಪ್ಪ ಸರ್ಕಾರಿ ಕೆಲಸದಲ್ಲಿದ್ದರು, ತಮ್ಮ ಮಹಾದೇವಪ್ಪನಿಗೆ ಮೂಡಲಪಾಳ್ಯದಲ್ಲಿ ಅಂಗಡಿ ಇತ್ತು. ತೀರಿಕೊಂಡಿದ್ದ ಅವರ ತಂದೆ ಹರೆಯದಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ಕೊಂಡಿದ್ದ ಗಾಡಿ ಅಣ್ಣನ ಬಳಿ ಉಳಿದಿತ್ತು. ಸೈಕಲ್ಲಿನಂತೆ ಪೆಡಲ್ ತುಳಿದು ಚಾಲೂ ಮಾಡಬೇಕಾದ, ಚರ್ಮದ ಬೆಲ್ಟಿನಿಂದ ಚಕ್ರ ತಿರುಗುವ, ಮೋಟಾರ್ ಸೈಕಲ್ಲುಗಳ ಮುತ್ತಜ್ಜನಂಥ ಗಾಡಿ. ಅಣ್ಣ ಅಪ್ಪನ ಗಾಡಿಯನ್ನು ಮಾರಿಕೊಂಡು, ನಾಯಂಡಹಳ್ಳಿಯ ಗೋದಾಮಿನಲ್ಲಿ ಸಿಕ್ಕ ತುಕ್ಕು ಹಿಡಿದ ಸಾಮಾನಿನಿಂದ ಇನ್ನೊಂದನ್ನು ಕಟ್ಟಿಸಿ ಇಟ್ಟಿದ್ದಾನೆ ಎಂಬುದು ತಮ್ಮನ ದೂರು. ಇದೇ ಮಾತಿಗೆ ಇಬ್ಬರೂ ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಕಣ್ಣು ಮಂಜಾಗಿದ್ದ ತಾಯಿ ಗೌರಮ್ಮನವರಿಗೆ ಇದ್ದದ್ದು ಒಂದೇ ಆಸೆ, ಮಕ್ಕಳಿಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ನೋಡಬೇಕು. ಅವರ ಒತ್ತಾಯಕ್ಕೇ ಇಬ್ಬರೂ ಹೊರಗಿನವನೊಬ್ಬನ ತೀರ್ಪಿಗೆ ಒಪ್ಪಿದ್ದರು.

"ನೀವು ಹೌದು ಅಂದ್ರೆ ಈಗ್ಲೇ ಅಣ್ಣನ ಕಾಲಿಗೆ ಬೀಳ್ತೀನ್ರಿ. ಅಲ್ಲ ಅಂದ್ರೆ ಈ ಹೊಸ್ತಿಲು ಇನ್ನ ತುಳಿಯಾಂಗಿಲ್ಲ" ಎಂದ ಮಹಾದೇವಪ್ಪ. ಅಣ್ಣ ಗೋಡೆ ನೋಡುತ್ತ ನಿಂತಿದ್ದರು.

ಹಿತ್ತಲಿನ ಶೀಟಿನ ಮಾಡಿನ ಕೆಳಗೆ ಗಾಡಿ ನಿಂತಿತ್ತು. ಆಯುಧಪೂಜೆಯ ವಿಭೂತಿ ಹ್ಯಾಂಡಲ್ ಮೇಲೆ ಇನ್ನೂ ಮೂರು ಗೆರೆಯಾಗಿ ಉಳಿದಿತ್ತು. ಮಧ್ಯಾಹ್ನವಿಡೀ ನೋಡಿದೆ. ಹೇಳಲು ಬೇಸರ, ಒಂದೂ ಹೊಂದಲಿಲ್ಲ. ಪೆಟ್ರೋಲ್ ಟ್ಯಾಂಕು ಆಮೇಲಿನದು, ಚಕ್ರ ಬೇರೆ, ಮುಂದಿನ ಫೋರ್ಕ್ ಬೇರೆ. ಇಂಜಿನ್ನಿನ ನಂಬರ್ ಇರಬೇಕಾದ ಜಾಗ ಸವೆದು ನುಣ್ಣಗಾಗಿತ್ತು. ಚೌಕಟ್ಟು ಆ ಕಾಲದ್ದೇ, ಆದರೆ ಇವರಪ್ಪನದೇ ಅನ್ನುವುದಕ್ಕೆ ಏನು ಗುರುತು? ಕೈ ಒರೆಸಿಕೊಂಡು ಎದ್ದೆ. 'ಇದು ನಿಮ್ಮ ತಂದೆಯವರ ಗಾಡಿ ಅಂತ ಹೇಳೋದಕ್ಕಾಗಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಸಹೋದರರಿಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಗೌರಮ್ಮ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು.

ಬಾಯಿ ತೆರೆದೆ. ಬಂದ ಮಾತು ಬೇರೆ.

"ಸೀಟು ಬಿಚ್ರಿ. ಕೆಳಗಿನ ಕೊಳವ್ಯಾಗ ಸೌಟಿನ ಹಿಡಿ ಐತಿ."

ಧ್ವನಿ ನನ್ನದೇ. ಆದರೆ ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ನಮ್ಮ ಮನೆಯಲ್ಲಿ 'ಐತಿ' ಅನ್ನುವವರು ಒಬ್ಬರೂ ಇಲ್ಲ. ಯಾರೋ ಕಿವಿಯಲ್ಲಿ ಹೇಳಿದಂತಾಗಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಕೆಮ್ಮು ಬರುವ ಹಾಗೆ ಮಾತು ಬಂತು, ಅಷ್ಟೇ. ನನಗೆ ಮೊದಲು ಅನಿಸಿದ್ದು ಭಯವಲ್ಲ, ನಾಚಿಕೆ. ಏನೋ ಹುಚ್ಚುಹುಚ್ಚಾಗಿ ಅಂದುಬಿಟ್ಟೆನಲ್ಲ, ನಾಳೆ ಕಾರ್ಖಾನೆಗೆ ಸುದ್ದಿ ಹೋದರೆ ಮಾನ ಉಳಿಯುವುದೇ ಎಂದು ಕಿವಿ ಬಿಸಿಯಾಯಿತು.

ಮಹಾದೇವಪ್ಪ ನಕ್ಕು, ತಾನೇ ಸ್ಪ್ಯಾನರ್ ತೆಗೆದುಕೊಂಡ. ಅಣ್ಣನನ್ನು ಹತ್ತಿರ ಬಿಡಲಿಲ್ಲ. ಸೀಟಿನ ಕಂಬ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ತಟ್ಟಿ ತಟ್ಟಿ ಹೊರಗೆ ಎಳೆಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೊಳವೆಯೊಳಗೆ ಟಾರ್ಚು ಬಿಟ್ಟರೆ ಹಿತ್ತಾಳೆ ಹೊಳೆಯಿತು. ಒಳಗೆ ಮುರಿದಿದ್ದ ಕೊಳವೆಗೆ ಆಸರೆಯಾಗಿ ಯಾರೋ ಬಡಿದು ಕೂರಿಸಿದ್ದ ಒಂದು ಸರಳು. ಹೊರಗೆ ತೆಗೆದಾಗ ಅದರ ತುದಿಯಲ್ಲಿ ತಾವರೆ ಮೊಗ್ಗಿನ ಆಕಾರವಿತ್ತು.

ಗೌರಮ್ಮ ಕೈ ಚಾಚಿದರು. ಮಹಾದೇವಪ್ಪ ಅದನ್ನು ಕೈಗಿಟ್ಟ. ಅವರು ಮೊಗ್ಗನ್ನು ಬೆರಳಿನಿಂದ ಸವರಿ ಸವರಿ ನೋಡಿದರು.

"ನಮ್ಮತ್ತೀದು. ಸಾರಿನ ಸೌಟು" ಎಂದರು. "ನಾನು ಹೊಸ್ದಾಗಿ ಬಂದಾಗ ಕಳೀತು. ಸೊಸಿ ಕದ್ದು ತವರಿಗೆ ಕಳ್ಸ್ಯಾಳ ಅಂದ್ರು. ಸಾಯೋತನಕ ಅಂದ್ರು."

ಗಾಡಿ ಮುರಿದಾಗ ಸೌಟಿನ ಹಿಡಿ ಕತ್ತರಿಸಿ ತುರುಕಿದ ಮನುಷ್ಯ, ಹೆಂಡತಿಗೆ ಕಳ್ಳಿಯ ಪಟ್ಟ ಬಂದಾಗ ಅಲ್ಲೇ ಕೂತು ಉಣ್ಣುತ್ತಿದ್ದಿರಬೇಕು. ತಾಯಿಯ ಭಯಕ್ಕೆ ಬಾಯಿ ಬಿಡಲಿಲ್ಲ. ಆಮೇಲೆ ನಾಚಿಕೆಗೆ ಬಿಡಲಿಲ್ಲವೇನೋ.

ಗಾಡಿ ಯಾರದೆಂದು ಇನ್ನು ನಾನು ಹೇಳಬೇಕಾಗಿರಲಿಲ್ಲ. ಮಹಾದೇವಪ್ಪ ನಿಜವಾಗಿಯೂ ಅಣ್ಣನ ಕಾಲು ಹಿಡಿದ. ಶಿವಲಿಂಗಪ್ಪ ತಮ್ಮನ ರಟ್ಟೆ ಹಿಡಿದು ಎತ್ತಿ, "ಏಳಲೇ, ಸಾಕು. ಉಣ್ಣಾಕೆ ನಡಿ" ಎಂದರು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನೀವು ಸಾಮಾನ್ಯರಲ್ಲ, ಗಾಡಿಯ ಹೊಟ್ಟೆಯೊಳಗೆ ಏನಿದೆ ಅಂತ ಹೊರಗಿನಿಂದಲೇ ಹೇಳ್ತೀರಲ್ಲ ಎಂದರು. ನಾನು ತಲೆ ತಗ್ಗಿಸಿ ನಕ್ಕೆ. ಅದನ್ನು ಅವರು ವಿನಯ ಅಂದುಕೊಂಡರು.

ಎಷ್ಟೋ ವರ್ಷ ಇದಕ್ಕೆ ಕಾರಣ ಹುಡುಕಿದ್ದೇನೆ. ಬೆರಳಿನಿಂದ ಕೊಳವೆ ತಟ್ಟಿದಾಗ ಒಳಗೇನೋ ಇದೆ ಎಂದು ಶಬ್ದದಿಂದ ತಿಳಿದಿರಬಹುದು. ಸರಿ, ಆದರೆ ಸೌಟು? ಅದಕ್ಕೆ ಮೊದಲು ನನ್ನೆದುರು ಸೌಟಿನ ಮಾತನ್ನು ಯಾರೂ ಎತ್ತಿರಲಿಲ್ಲ, ಅಜ್ಜಿ ತೀರಿದಾಗ ಚಿಕ್ಕವರಾಗಿದ್ದ ಮಕ್ಕಳಿಗೇ ಗೊತ್ತಿರಲಿಲ್ಲ. ಅಲ್ಲಿಗೆ ನನ್ನ ಗೇಜು ನಿಲ್ಲುತ್ತದೆ. ನನ್ನ ಸೋದರತ್ತೆಯ ಬಳಿ ಹೋಗಿ ಇದನ್ನು ಹೇಳಬೇಕೆಂದುಕೊಂಡೆ, ಯಾವ ಮುಖ ಹೊತ್ತು ಹೇಳುವುದೆಂದು ಹಿಂದೇಟು ಹಾಕಿದೆ. ಅವರೂ ತೀರಿಕೊಂಡರು.

ಆದರೆ ಮನಸ್ಸನ್ನು ಕೊರೆಯುವುದು ಆ ಮಾತು ಹೇಗೆ ಬಂತು ಎಂಬುದಲ್ಲ. ಊಟ ಮುಗಿಸಿ ಹೊರಟು ನಾನು ಸೈಕಲ್ ಹತ್ತುವಾಗ ಗೌರಮ್ಮ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಸೌಟಿನ ಹಿಡಿ ಇನ್ನೂ ಅವರ ಕೈಯಲ್ಲೇ ಇತ್ತು. ಮಕ್ಕಳಿಗೆ ಕೇಳಿಸದಂತೆ ಕೇಳಿದರು:

"ಖರೇ ಹೇಳಪ್ಪ. ಅವರೇ ಹೇಳಿದ್ರಲ್ಲ ನಿಂಗೆ? ಮತ್ತೇನಾರ ಅಂದ್ರಾ?"

ಗೊತ್ತಿಲ್ಲಮ್ಮ, ಯಾರೋ ಹೇಳಿಸಿದ ಹಾಗಾಯಿತು ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಗೇಲಿ ಮಾಡಿ ಬೆಳೆದ ನಾಲಿಗೆ, ಮೈಮೇಲೆ ದೇವರು ಬಂದವನಂತೆ ಕಾಣಿಸಿಕೊಳ್ಳಲು ನಾಚಿತು.

"ಇಲ್ಲಮ್ಮ, ಯಾರೂ ಏನೂ ಹೇಳ್ಲಿಲ್ಲ. ಆ ಕಾಲದ ಗಾಡಿಗಳು ಅಲ್ಲೇ ಮುರಿಯೋದು. ಅನುಭವ ಅಷ್ಟೇ" ಎಂದೆ.

ಅವರು ಸೌಟಿನ ಹಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇರ್ಲಿ ಬಿಡಪ್ಪ. ಇದ್ದಾಗ್ಲೂ ಅವ್ರು ನನ್ನ ಪರವಾಗಿ ಒಂದು ಮಾತು ಅಂದೋರಲ್ಲ" ಎಂದು ಒಳಗೆ ಹೋದರು.